ಮೀನೆಲ್ಲಾ ಸಾಯ್ತಾವೆ, ಸಿಗಡಿ ಬಸವನಹುಳು ಮಾತ್ರ ಆರಾಮಾಗದಾವೆ – ಉಪ್ಪುನೀರಿನ ಟ್ಯಾಂಕ್, ದಾವಣಗೆರೆ

ಬೆಣ್ಣೆನಗರಿ_ರೀಫ್

ನಮಸ್ಕಾರ ಎಲ್ರಿಗೂ. ದಾವಣಗೆರೆಯಿಂದ ಬರೀತಿದೀನಿ. ಯಾರಿಗಾದ್ರೂ ಸಮುದ್ರದ ಮೀನು ಸಾಕಿ ಅನುಭವ ಇದ್ರೆ ಸ್ವಲ್ಪ ಬೇಗ ಹೇಳ್ರಿ, ಈಗ ಉಳಿದಿರೋದು ಕ್ಲೌನ್ ಮೀನಿನ ಜೋಡಿ ಮಾತ್ರ, ಅವೂ ಇವತ್ತು ಬೆಳಿಗ್ಗೆಯಿಂದ ಊಟಕ್ಕೆ ಮೇಲೆ ಬಂದಿಲ್ಲ.

ಟ್ಯಾಂಕ್ ಮೂರಡಿದು, ಕೆಳಗಿನ ಫಿಲ್ಟರ್ ತೊಟ್ಟಿ (ಸಂಪ್) ಸೇರಿ ಹತ್ರತ್ರ 220 ಲೀಟರ್ ಹಿಡೀತೈತೆ. ಹೋದ ದೀಪಾವಳಿ ಟೈಮಲ್ಲಿ ಸೆಟಪ್ ಮಾಡಿದ್ದು, ಒಣ ಕಲ್ಲು, ಅರಗೊನೈಟ್ ಮರಳು, ಬಾಟಲ್ ಬ್ಯಾಕ್ಟೀರಿಯಾ ಹಾಕಿ ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆಗೆ ಬಂದ್ಮೇಲೇ ಮೀನು ಬಿಟ್ಟಿದ್ದು. ಕ್ಲೌನ್ ಜೋಡಿ, ಗ್ರೀನ್ ಕ್ರೋಮಿಸ್ ಮೂರು, ಒಂದು ಫೈರ್‌ಫಿಶ್. ಸಂಕ್ರಾಂತಿಯಿಂದ ಯುಗಾದಿ ತನಕ ಒಂದಕ್ಕೂ ಏನೂ ಆಗಿರಲಿಲ್ಲ, ಬಟ್ಟಲು ಹಿಡ್ಕೊಂಡು ಹತ್ರ ಹೋದ್ರೆ ಗಾಜಿಗೆ ಬಂದು ನಿಲ್ತಿದ್ವು.

ಯುಗಾದಿ ಆದ್ಮೇಲೆ ಬೆಂಗಳೂರಿನ ಒಂದು ಅಂಗಡಿಯಿಂದ ಪೌಡರ್ ಬ್ಲೂ ಟ್ಯಾಂಗ್ ತರಿಸಿದ್ವಿ, ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ್ರು, ಬೆಳಿಗ್ಗೆ ಬಸ್ ಸ್ಟ್ಯಾಂಡಲ್ಲಿ ಇಳಿಸ್ಕೊಂಡು ಬಂದು ಚೀಲ ತೇಲಿಸಿ, ಎರಡು ಗಂಟೆ ಡ್ರಿಪ್ ಮಾಡಿ, ಅಂದ್ರೆ ಚೀಲದ ನೀರಿಗೆ ಟ್ಯಾಂಕ್ ನೀರು ಹನಿಹನಿಯಾಗಿ ಸೇರಿಸಿ, ಟ್ಯಾಂಕಿಗೆ ಬಿಟ್ವಿ. ಮೊದಲೆರಡು ದಿನ ಚೆನ್ನಾಗೇ ಪಾಚಿ ಕೆರ್ಕೊಂಡು ತಿಂತು. ಆಮೇಲೆ ನೀರು ರಭಸವಾಗಿ ತಳ್ಳೋ ವೇವ್‌ಮೇಕರ್ ಪಂಪಿನ ಎದುರಿಗೇ ಹೋಗಿ ನಿಲ್ಲೋಕೆ ಶುರು ಮಾಡ್ತು, ಉಸಿರು ಜೋರು, ಲೈಟ್ ಹಾಕಿದ್ರೆ ಕಲ್ಲಿನ ಹಿಂದೆ ಹೋಗದು. ವಾರದೊಳಗೆ ಸತ್ತೋಯ್ತು. ಅದರ ಹಿಂದೆನೇ ಫೈರ್‌ಫಿಶ್, ಆಮೇಲೆ ಕ್ರೋಮಿಸ್ ಒಂದೊಂದಾಗಿ. ಎಲ್ಲದಕ್ಕೂ ಅದೇ ಲಕ್ಷಣ, ಮೊದಲು ಊಟ ಬಿಡ್ತಾವೆ, ನೀರು ರಭಸವಾಗಿರೋ ಕಡೆ ಬಾಯಿ ಕೊಟ್ಟು ನಿಲ್ತಾವೆ, ಮಾರನೇ ದಿನ ಅಥವಾ ಅದರ ಮಾರನೇ ದಿನ ಇರಲ್ಲ.

ನೀರಿನ ರೀಡಿಂಗು: ಸಲಿನಿಟಿ (ಉಪ್ಪಿನಂಶ) 1.025 ರಿಫ್ರ್ಯಾಕ್ಟೋಮೀಟರಲ್ಲಿ, ಪಿಎಚ್ 8.1, ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ ಹತ್ತರ ಆಸುಪಾಸು. ಈ ಬಿಸಿಲಿಗೆ ಮಧ್ಯಾಹ್ನ ಟೆಂಪರೇಚರ್ 29 ಮುಟ್ತೈತೆ, ಸಂಪ್ ಮೇಲೆ ಫ್ಯಾನ್ ಇಟ್ಟಿದೀವಿ. ಅರ್ಧ ನೀರು ಬದಲಾಯಿಸಿಯೂ ಆಯ್ತು, ಏನೂ ವ್ಯತ್ಯಾಸ ಇಲ್ಲ. ಕ್ಲೀನರ್ ಸಿಗಡಿ ಎರಡು, ಟರ್ಬೊ ಬಸವನಹುಳು, ಹರ್ಮಿಟ್ ಏಡಿ, ಹೂವಿನಂಗೆ ಕಾಣೋ ಅನಿಮೋನ್ ಪ್ರಾಣಿ ಎಲ್ಲಾ ಚೆನ್ನಾಗಿದಾವೆ. ನೀರಿಂದಲೋ ಕರೆಂಟಿಂದಲೋ ಮೀನಿಂದಲೋ ಒಂದೂ ತಿಳೀತಿಲ್ಲ. ಮಗಳು ಒಂದೊಂದು ಮೀನಿಗೂ ಹೆಸರಿಟ್ಟಿದ್ಲು, ದಿನಾ ಬೆಳಿಗ್ಗೆ ಎದ್ದು ಯಾವುದೈತೆ ಯಾವುದಿಲ್ಲ ಅಂತ ನೋಡೋದೇ ಆಗೈತೆ.

ಹದಡಿರಸ್ತೆ_ಅಕ್ವಾ

ಅಣ್ಣ, ಮೊದಲು ಕಿಟ್ ಮೇಲೆ ಡೌಟ್ ಪಡಿ. ಅಮೋನಿಯಾ ಕಿಟ್ ಬಾಟಲಿ ಹಳೇದಾಗಿದ್ರೆ ಸೊನ್ನೆನೇ ತೋರಿಸ್ತಾ ಕೂತಿರುತ್ತೆ. ಪರೀಕ್ಷೆ ಮಾಡೋದು ಸುಲಭ, ಒಂದು ಲೋಟ ಟ್ಯಾಂಕ್ ನೀರಲ್ಲಿ ಮೀನಿನ ಊಟ ಒಂದಿಷ್ಟು ಹಾಕಿ ಎರಡು ದಿನ ಕೊಳೆಯೋಕೆ ಬಿಟ್ಟು ಆ ನೀರನ್ನ ಟೆಸ್ಟ್ ಮಾಡಿ, ಆಗಲೂ ಬಣ್ಣ ಬರಲಿಲ್ಲ ಅಂದ್ರೆ ಕಿಟ್ ಸತ್ತಿದೆ ಅಂತ.

ಇನ್ನೊಂದು, ರಾತ್ರಿಯೆಲ್ಲಾ ಬಸ್ಸಲ್ಲಿ ಬಂದ ಮೀನಿಗೆ ಎರಡು ಗಂಟೆ ಡ್ರಿಪ್ ಮಾಡೋದು ಒಳ್ಳೇದಲ್ಲ. ಚೀಲ ಕಟ್ಟಿದಾಗ ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಒಳಗೇ ಕೂತು ಪಿಎಚ್ ಇಳಿದಿರುತ್ತೆ, ಹಂಗಾಗಿ ಒಳಗೆ ಎಷ್ಟೇ ಅಮೋನಿಯಾ ಸೇರಿದ್ರೂ ಅದು ಹೆಚ್ಚು ತೊಂದರೆ ಕೊಡದ ಅಮೋನಿಯಂ ರೂಪದಲ್ಲಿ ಇರುತ್ತೆ. ಚೀಲ ಬಿಚ್ಚಿದ ತಕ್ಷಣ ಗ್ಯಾಸ್ ಹೊರಗೆ ಹೋಗುತ್ತೆ, ಪಿಎಚ್ ಏರುತ್ತೆ, ಪಿಎಚ್ ಒಂದು ಅಂಕಿ ಏರಿದ್ರೆ ವಿಷದ ಅಮೋನಿಯಾ ಸುಮಾರು ಹತ್ತು ಪಟ್ಟಾಗುತ್ತೆ. ಅದೇ ನೀರಲ್ಲಿ ಮೀನನ್ನ ಗಂಟೆಗಟ್ಟಲೆ ಇಟ್ಟಂಗಾಯ್ತು. ದೂರದಿಂದ ಬಂದ ಮೀನಿಗೆ ಚೀಲದ ನೀರಿನ ಸಲಿನಿಟಿ ಎಷ್ಟಿದೆ ನೋಡಿ ಅಷ್ಟೇ ಸಲಿನಿಟಿಯ ನೀರು ಬಕೆಟಲ್ಲಿ ರೆಡಿ ಮಾಡ್ಕೊಂಡು, ಟೆಂಪರೇಚರ್ ಸರಿ ಮಾಡಿ ನೇರ ಎತ್ತಿ ಬಿಡೋದು ವಾಸಿ. ನಿಮ್ಮ ಟ್ಯಾಂಗ್ ಕಿವಿರು ಅಲ್ಲೇ ಸುಟ್ಟಿರಬಹುದು ಅನ್ಸುತ್ತೆ ನಂಗೆ.

ಹರಿಹರದ_ಗಪ್ಪಿ

ಟ್ಯಾಂಗ್ ಅದರಿಂದ ಹೋಗಿರಬಹುದು ಬ್ರೋ, ಉಳಿದ ಮೀನು ಚೀಲದ ನೀರೇ ಕಂಡಿಲ್ವಲ್ಲ.

ನಾನು ಸಾಕೋದು ಸಿಹಿನೀರಿನ ಮೀನು, ಆದ್ರೂ ಎರಡು ವಿಷಯ ಕೇಳ್ತೀನಿ. ನಿಮ್ಮ ಏರಿಯಾದಲ್ಲಿ ಸೊಳ್ಳೆಗೆ ಫಾಗಿಂಗ್ ಮಾಡಿದ್ರಾ, ಅಥವಾ ಮನೆಯಲ್ಲಿ ಜಿರಳೆ ಸ್ಪ್ರೇ ಏನಾದ್ರೂ? ಅದರಲ್ಲಿರೋ ಪೈರೆಥ್ರಾಯ್ಡ್ ಮೀನಿಗೆ ತುಂಬಾ ವಿಷ, ಏರ್ ಪಂಪ್ ರೂಮಿನ ಗಾಳಿನೇ ಎಳ್ಕೊಂಡು ನೀರೊಳಗೆ ಊದುತ್ತಲ್ಲ. ಎರಡನೇದು ಕರೆಂಟು. ರಾತ್ರಿ ಹೋಗಿ ಬಂದ್ರೆ ನಿಮಗೆ ಗೊತ್ತಾಗಲ್ಲ. ಉಪ್ಪುನೀರಲ್ಲಿ ಮೊದಲೇ ಆಕ್ಸಿಜನ್ ಕಮ್ಮಿ ಹಿಡಿಯೋದು ಅಂತ ಕೇಳಿದೀನಿ.

ನೀರೇ ಕೆಟ್ಟಿದ್ರೆ ಹೇಳಿ, ಮುಂದಿನ ವಾರ ಹೊನ್ನಾವರದ ಕಡೆ ಹೋಗ್ತಿದೀನಿ, ಕ್ಯಾನಲ್ಲಿ ಸಮುದ್ರದ ನೀರು ತಂದ್ಕೊಡ್ತೀನಿ. ಅಲ್ಲೇ ಬಂಡೆ ಮೇಲಿನ ಕಲ್ಲು ಬೇಕಿದ್ರೂ.

ದುರ್ಗದ_ಉಪ್ಪುನೀರು

ತಮ್ಮಾ, ನೀರು ಬದಲಾಯಿಸೋದು ಇವತ್ತಿಗೆ ನಿಲ್ಸು. ನೀನು ಬರೆದಿರೋದ್ರಲ್ಲೇ ಉತ್ತರ ಐತೆ. ಸತ್ತಿದ್ದು ಯಾವುದು ಅಂತ ಎಲ್ರೂ ನೋಡ್ತಾರೆ, ಬದುಕಿರೋದು ಯಾವುದು ಅಂತ ಯಾರೂ ನೋಡಲ್ಲ. ನೀರಲ್ಲಿ ವಿಷ ಇದ್ರೆ ಮೊದಲು ಮಲಗೋದು ಸಿಗಡಿ. ತಾಮ್ರ ಇರಲಿ, ಕೀಟನಾಶಕ ಇರಲಿ, ಸಲಿನಿಟಿ ಏರುಪೇರು ಇರಲಿ, ಸಿಗಡಿ ಬಸವನಹುಳು ತಡ್ಕೊಳಲ್ಲ, ಅನಿಮೋನ್ ಅಂತೂ ಮುದುಡಿಕೊಂಡು ಕೂತ್ಬಿಡ್ತೈತೆ. ಹರಿಹರದವರು ಹೇಳಿದ ಫಾಗಿಂಗ್ ಹೊಗೆ ಮೀನು ಕೊಲ್ಲೋದು ನಿಜ, ಆದ್ರೆ ಆ ಪೈರೆಥ್ರಾಯ್ಡ್ ಮಾಡಿರೋದೇ ಹುಳಕ್ಕೆ, ಸಿಗಡಿ ಏಡಿ ಹುಳದ ದಾಯಾದಿಗಳು, ಅವು ಉಳೀತಿರಲಿಲ್ಲ. ನಿನ್ನ ಟ್ಯಾಂಕಲ್ಲಿ ಬೆನ್ನುಮೂಳೆ ಇರೋದು ಮಾತ್ರ ಸಾಯ್ತಿದಾವೆ. ಅಂದ್ರೆ ಮೀನಿಗೆ ಮಾತ್ರ ಹತ್ತೋ ಪರಾವಲಂಬಿ.

ಈಗ ಯಾವುದು ಅನ್ನೋದು. ಬಿಳಿ ಚುಕ್ಕೆ ರೋಗ, ಅದೇ ಇಕ್ ಅಂತಾರಲ್ಲ, ಅದಾಗಿದ್ರೆ ಮೈ ಮೇಲೆ ಉಪ್ಪಿನ ಹರಳಿನಷ್ಟು ಚುಕ್ಕೆ ಬಂದು, ಹೋಗಿ, ಮತ್ತೆ ಬಂದು, ಮೀನು ಎಷ್ಟೋ ದಿನ ತಿನ್ಕೊಂಡೇ ಇರ್ತೈತೆ. ಕ್ಲೌನಿಗೆ ಬರೋ ಬ್ರೂಕ್ಲಿನೆಲ್ಲಾ ಆದ್ರೆ ಲೋಳೆ ಪದರ ಪದರ ಎದ್ದು ಬರ್ತೈತೆ. ಕ್ರೋಮಿಸ್‌ಗೆ ಪಕ್ಕೆ ಮೇಲೆ ಕೆಂಪು ಗಾಯ ಇದ್ರೆ ಯೂರೊನೀಮಾ. ನೀನು ಹೇಳಿರೋದು ಇದ್ಯಾವುದೂ ಅಲ್ಲ. ಪ್ರವಾಹಕ್ಕೆ ಬಾಯಿ ಕೊಟ್ಟು ನಿಲ್ಲೋದು, ಬೆಳಕು ಕಂಡ್ರೆ ಓಡೋದು, ಊಟ ಬಿಟ್ಟ ಒಂದೆರಡು ದಿನಕ್ಕೆ ಹೋಗೋದು, ಇದು ವೆಲ್ವೆಟ್. ಅಮೈಲೂಡಿನಿಯಂ ಅಂತ ಅದರ ಹೆಸರು. ಅದು ಮೊದಲು ಹತ್ತೋದೇ ಕಿವಿರಿಗೆ, ಅಲ್ಲಿ ಬೇರು ಬಿಟ್ಕೊಂಡು ತಿಂತೈತೆ, ಮೈ ಮೇಲೆ ಕಾಣೋ ಹೊತ್ತಿಗೆ ಕೆಲಸ ಮುಗಿದಿರ್ತೈತೆ. ಮೀನು ಉಸಿರಾಡೋಕಾಗದೆ ನೀರು ರಭಸವಾಗಿರೋ ಕಡೆ ಹೋಗ್ತೈತೆ ಅಷ್ಟೇ.

ಎರಡು ಕೆಲಸ ಮಾಡಿ ಇಲ್ಲೇ ಬರಿ. ರಾತ್ರಿ ಎಲ್ಲಾ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು, ಟಾರ್ಚ್ ಎದುರಿಂದ ಹಾಕದೆ ಮೀನಿನ ತಲೆ ಮೇಲಿಂದ ಓರೆಯಾಗಿ ಬಿಟ್ಟು ನೋಡು, ಬೆನ್ನು ರೆಕ್ಕೆ ಬುಡದಲ್ಲಿ ಮತ್ತೆ ಕ್ಲೌನಿನ ಬಿಳಿ ಪಟ್ಟಿಯ ಅಂಚಲ್ಲಿ ನುಣ್ಣನೆ ಹಳದಿ ಧೂಳು ಕಾಣ್ತೈತಾ ಅಂತ. ಇನ್ನೊಂದು ಕಿವಿರು ಬಡಿಯೋದು ಎಣಿಸು, ಒಂದು ನಿಮಿಷ ಪೂರ್ತಿ.

ಹೊನ್ನಾವರದ ನೀರು ಬೇಡಪ್ಪ, ಒಳ್ಳೆ ಮನಸಿಂದ ಹೇಳಿದೀರ, ಆದ್ರೆ ಅಲ್ಲಿ ಶರಾವತಿ ಬಂದು ಸೇರ್ತಾಳೆ, ಅಳಿವೆ ಹತ್ರ ಉಪ್ಪಿನಂಶ ಎಷ್ಟಿರ್ತೈತೋ ಹೇಳೋಕಾಗಲ್ಲ, ಮತ್ತೆ ಕಾಡು ನೀರಲ್ಲಿ ಇಂಥವೇ ಪರಾವಲಂಬಿ ಇರ್ತಾವೆ. ಕಲ್ಲಂತೂ ಮುಟ್ಟಲೇಬೇಡಿ. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಲ್ಲಿದೆ, ಹುಲಿಗಿರೋ ರಕ್ಷಣೆನೇ ಅದಕ್ಕೂ. ಅಂಗಡಿಯಲ್ಲಿ ಯಾರಾದ್ರೂ ಲೈವ್ ರಾಕ್ ಅಂತ ಹವಳದ ಕಲ್ಲು ಮಾರೋಕೆ ಬಂದ್ರೆ ತಗೋಬೇಡಿ, ಇವನು ಹಾಕಿರೋ ಒಣ ಕಲ್ಲೇ ಸರಿ.

ಬೆಣ್ಣೆನಗರಿ_ರೀಫ್

ಅಣ್ಣಾ, ನೀವು ಹೇಳ್ದಂಗೇ ರಾತ್ರಿ ನೋಡಿದ್ವಿ. ಸಣ್ಣ ಕ್ಲೌನಿನ ಮೇಲೆ ಏನೂ ಕಾಣಲಿಲ್ಲ. ದೊಡ್ಡದು, ಹೆಣ್ಣು, ಮೂಲೆಯಲ್ಲಿ ಒರಗ್ಕೊಂಡಿತ್ತು, ಟಾರ್ಚ್ ನೇರ ಹಿಡಿದಾಗ ಬರೀ ಕಿತ್ತಳೆ ಬಣ್ಣ. ಓರೆ ಮಾಡಿದ ಕೂಡಲೇ ತಲೆಯಿಂದ ಬೆನ್ನಿನ ತನಕ ಒಂದು ತೆಳು ಪುಡಿ ಮಿಂಚ್ತು, ತಲೆ ಮೇಲಿನ ಬಿಳಿ ಪಟ್ಟಿಯಲ್ಲಿ ಜಾಸ್ತಿ, ಬಿಳಿ ಬಿಳಿಯಾಗಿರದೆ ಮಾಸಿದಂಗೆ ಹಳದಿ ತಿರುಗಿತ್ತು. ಹಗಲು ಲೈಟಲ್ಲಿ ಎಷ್ಟು ನೋಡಿದ್ರೂ ಇದು ಕಂಡಿರಲಿಲ್ಲ. ಕಿವಿರು ನಿಮಿಷಕ್ಕೆ 130ರ ಮೇಲೆ ಬಡೀತಿತ್ತು, ಸಣ್ಣದಕ್ಕೆ ನೂರರ ಹತ್ರ.

ಕ್ರೋಮಿಸ್ ಮೇಲೆ ಕೆಂಪು ಗಾಯ ಇರಲಿಲ್ಲ. ಲೋಳೆನೂ ಇಲ್ಲ. ಹದಡಿ ರಸ್ತೆ ಅಣ್ಣ ಹೇಳಿದ ಕಿಟ್ ಪರೀಕ್ಷೆಗೆ ಲೋಟ ಇಟ್ಟಿದೀನಿ, ಫಾಗಿಂಗ್ ನಮ್ಮ ಬೀದಿಗೆ ಬಂದಿಲ್ಲ. ಕರೆಂಟ್ ರಾತ್ರಿ ಹೋಗ್ತೈತೆ, ಯುಪಿಎಸ್‌ಗೆ ರಿಟರ್ನ್ ಪಂಪ್ ಕೊಟ್ಟಿದೀವಿ, ವೇವ್‌ಮೇಕರ್ ಕೊಟ್ಟಿಲ್ಲ. ಈಗ ಔಷಧಿ ಯಾವುದು, ಟ್ಯಾಂಕಿಗೇ ಹಾಕಬಹುದಾ?

ಚನ್ನಗಿರಿ_ತೋಟದವ

ವೆಲ್ವೆಟ್‌ಗೆ ತಾಮ್ರನೇ ಔಷಧಿ ಅಂತ ನಾನೂ ಓದಿದೀನಿ. ಹಂಗಿದ್ರೆ ಬಾಟಲಿಗೆ ಸಾವಿರಾರು ರೂಪಾಯಿ ಯಾಕೆ ಕೊಡ್ತೀರ, ನಮ್ಮ ಕಡೆ ಅಡಿಕೆಗೆ ಬೋರ್ಡೋ ಹೊಡಿಯೋ ಮೈಲುತುತ್ತ ಗೊಬ್ಬರದ ಅಂಗಡಿಲಿ ಕೇಜಿಗಟ್ಟಲೆ ಸಿಗುತ್ತೆ, ಅದೂ ತಾಮ್ರದ ಸಲ್ಫೇಟೇ. ಒಂದು ಚಿಟಿಕೆ ಕರಗಿಸಿ ಹಾಕಿದ್ರಾಯ್ತಲ್ಲ?

ದುರ್ಗದ_ಉಪ್ಪುನೀರು

ಗೌಡ್ರೇ, ತಾಮ್ರ ಅನ್ನೋದು ಸರಿ, ಚಿಟಿಕೆ ಅನ್ನೋದು ಮೀನು ಕೊಲ್ಲೋ ಲೆಕ್ಕ. ಕೂಡಿಸಿ ನೋಡೋಣ. ಬಿಡಿ ತಾಮ್ರ ನೀರಲ್ಲಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇರಬೇಕು, ಕಮ್ಮಿಯಾದ್ರೆ ಪರಾವಲಂಬಿ ಸಾಯಲ್ಲ, ಸ್ವಲ್ಪ ಹೆಚ್ಚಾದ್ರೆ ಮೀನಿನ ಕಿವಿರೇ ಹೋಗ್ತೈತೆ. 50 ಲೀಟರ್ ಟಬ್ಬಿಗೆ ಅಂದ್ರೆ 10 ಮಿಲಿಗ್ರಾಂ ತಾಮ್ರ. ಮೈಲುತುತ್ತದ ಹರಳಲ್ಲಿ ಕಾಲು ಭಾಗ ತಾಮ್ರ, ಹಂಗಾಗಿ 40 ಮಿಲಿಗ್ರಾಂ ಹರಳು. ಒಂದು ಚಿಟಿಕೆ ಎಷ್ಟು ಪಟ್ಟು ಆಗ್ತೈತೆ ಅಂತ ತೂಕ ಮಾಡಿದವರಿಗೆ ಗೊತ್ತು. ಅದ್ರ ಮೇಲೆ ತೋಟದ ಮೈಲುತುತ್ತ ಶುದ್ಧ ಇರಲ್ಲ. ಅಡಿಕೆಗೆ ನೂರು ಲೀಟರಿಗೆ ಒಂದು ಕೇಜಿ ಸುಣ್ಣ ಒಂದು ಕೇಜಿ ಮೈಲುತುತ್ತ ಹಾಕೋ ಕೈಯಿಂದ ಈ ಅಳತೆ ಮಾಡೋಕಾಗಲ್ಲ. ಬಾಟಲಲ್ಲಿ ಬರೋ ಕೀಲೇಟೆಡ್ ತಾಮ್ರನೇ (ಬಿಡಿಯಾಗಿರದೆ ಬೇರೆ ಪದಾರ್ಥಕ್ಕೆ ಕಟ್ಟಿರೋ ತಾಮ್ರ) ತರಿಸಿ, ಅದಕ್ಕೆ ಗುರಿ ಬೇರೆ, 2ರಿಂದ 2.5 ಪಿಪಿಎಂ, ಅಂದ್ರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ಅದಕ್ಕೆ ಹೊಂದೋ ಟೆಸ್ಟ್ ಕಿಟ್ ಜೊತೇಲೇ ತಗೊಳ್ಳಿ. ಎರಡೂ ತಾಮ್ರದ ಅಂಕಿ ಅದಲು ಬದಲು ಮಾಡಿ ಮೀನು ಕಳ್ಕೊಂಡವರು ಬಹಳ ಜನ ಇದಾರೆ.

ತಮ್ಮಾ, ದೊಡ್ಡ ಟ್ಯಾಂಕಿಗೆ ತಾಮ್ರ ಹಾಕಲೇಬೇಡ. ಸಿಗಡಿ, ಬಸವನಹುಳು, ಅನಿಮೋನ್ ಅವತ್ತೇ ಹೋಗ್ತಾವೆ. ಅಷ್ಟೇ ಅಲ್ಲ, ಸುಣ್ಣದ ಕಲ್ಲು ಮರಳು ತಾಮ್ರನ ಹೀರ್ಕೊಳ್ತಾವೆ, ಅಳತೆ ನಿಲ್ಲಲ್ಲ, ಮುಂದೆ ಯಾವತ್ತೋ ಬಿಡ್ತಾವೆ, ಆ ಟ್ಯಾಂಕಲ್ಲಿ ಆಮೇಲೆ ಸಿಗಡಿ ಇಡೋದೇ ಕಷ್ಟ.

ಮಾಡಬೇಕಾಗಿದ್ದು ಇವತ್ತು ಸಂಜೆಯೊಳಗೆ. 50–60 ಲೀಟರಿನ ಹೊಸ ಪ್ಲಾಸ್ಟಿಕ್ ಟಬ್ ತಗೊಂಡು ಬಾ, ಸೋಪು ಮುಟ್ಟಿರಬಾರದು. ಕಲ್ಲು ಮರಳು ಏನೂ ಬೇಡ, ಅವಿತ್ಕೊಳ್ಳೋಕೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಲ್ಬೋ ಎರಡು ಹಾಕು. ಹೊಸದಾಗಿ ಉಪ್ಪು ಕಲಸಿದ ನೀರು, 1.025ಕ್ಕೇ. ಸ್ಪಂಜ್ ಫಿಲ್ಟರ್, ಜೋರಾಗಿ ಗಾಳಿ, ಥರ್ಮಾಮೀಟರ್. ಕಾರ್ಬನ್ ಹಾಕಬೇಡ, ತಾಮ್ರ ಎಳ್ಕೊಳ್ತೈತೆ, ಯುವಿ ಲೈಟೂ ಬೇಡ. ಟಬ್ಬಲ್ಲಿ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲ್ಲ, ಅಮೋನಿಯಾ ದಿನಾ ನೋಡ್ತಾ ಇರು, ಏರಿದ್ರೆ ನೀರು ಬದಲಾಯಿಸಿ, ಬದಲಾಯಿಸಿದಷ್ಟು ನೀರಿಗೆ ಅಷ್ಟೇ ತಾಮ್ರ ಮತ್ತೆ ಕೂಡಿಸು. ಅಮೋನಿಯಾ ಕಟ್ಟಿಹಾಕೋ ಲಿಕ್ವಿಡ್ ಇದೆಯಲ್ಲ, ತಾಮ್ರದ ಜೊತೆ ಅದನ್ನ ಹಾಕ್ಲೇಬಾರದು, ತಾಮ್ರ ಇನ್ನೂ ವಿಷವಾಗ್ತೈತೆ. ಟಬ್ಬನ್ನ ಬೇರೆ ರೂಮಲ್ಲಿ ಇಡು. ಈ ಪರಾವಲಂಬಿಯ ಮರಿ ನೀರಿನ ಸಣ್ಣ ತುಂತುರಲ್ಲೂ ಪಕ್ಕದ ಟ್ಯಾಂಕಿಗೆ ಹೋಗ್ತೈತೆ, ಒದ್ದೆ ಕೈ ಒದ್ದೆ ಬಲೆ ಅಂತೂ ಹೇಳೋದೇ ಬೇಡ.

ಎತ್ತಿ ಹಾಕೋಕೆ ಮೊದಲು ಸಿಹಿನೀರಿನ ಸ್ನಾನ ಮಾಡಿಸಿದ್ರೆ ಕಿವಿರಿಗೆ ಒಂದಿಷ್ಟು ಹಗುರ ಆಗ್ತೈತೆ. ಆರ್‌ಓ ನೀರು, ಗಾಳಿ ಬಿಟ್ಟು ಅರ್ಧ ಗಂಟೆ ಇಟ್ಟಿದ್ದು, ಟ್ಯಾಂಕಿನ ಟೆಂಪರೇಚರ್‌ಗೇ ಸರಿ ಮಾಡಿ, ಅಡಿಗೆ ಸೋಡಾ ಹಾಕಿ ಪಿಎಚ್ 8ರ ಮೇಲೆ ತಂದು, ಐದು ನಿಮಿಷ. ಮೀನು ಮೊದಲು ಗಾಬರಿಯಾಗಿ ಒಂದು ಕಡೆ ವಾಲ್ತೈತೆ, ನೀನು ಗಾಬರಿ ಆಗಬೇಡ, ಪಕ್ಕದಲ್ಲೇ ನಿಂತಿರು, ಪೂರ್ತಿ ಸುಸ್ತಾದ್ರೆ ಬೇಗ ತೆಗಿ. ಇದರಿಂದ ರೋಗ ಹೋಗಲ್ಲ, ತಾಮ್ರ ಕೆಲಸ ಮಾಡೋ ತನಕ ಉಸಿರು ಉಳೀತೈತೆ.

ಕರೆಂಟಿನ ವಿಷಯ ಹರಿಹರದವರು ಹೇಳಿದ್ದು ಅರ್ಧ ಸತ್ಯ. 25 ಡಿಗ್ರೀಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗೂ ಸ್ವಲ್ಪ ಮೇಲೆ ಆಕ್ಸಿಜನ್ ಹಿಡಿದ್ರೆ ಉಪ್ಪುನೀರು ಹಿಡಿಯೋದು 6.7ರ ಆಸುಪಾಸು, 30 ಡಿಗ್ರೀಗೆ 6.2. ಕಿವಿರು ಚೆನ್ನಾಗಿರೋ ಮೀನಿಗೆ ಇದು ಸಾಕು, ನಿನ್ನ ಮೀನಿನ ಕಿವಿರು ಅರ್ಧ ಮುಚ್ಚೈತೆ. ವೇವ್‌ಮೇಕರನ್ನ ಮೇಲ್ಮೈಗೆ ತಿರುಗಿಸಿ ಯುಪಿಎಸ್‌ಗೆ ಕೊಡು, ಫ್ಯಾನ್ ಹಂಗೇ ಇರಲಿ. ನಮ್ಮ ದುರ್ಗ ದಾವಣಗೆರೆ ಕಡೆ ಬೇಸಿಗೆಯ ಒಣ ಗಾಳಿಗೆ ಫ್ಯಾನ್ ಎರಡು ಮೂರು ಡಿಗ್ರೀ ಇಳಿಸ್ತೈತೆ, ಮಂಗಳೂರಿನವರಿಗೆ ಆ ಸೌಭಾಗ್ಯ ಇಲ್ಲ, ಅವರು ಚಿಲ್ಲರ್ ಕೊಳ್ಳಲೇಬೇಕು. ಆರಿಹೋದ ನೀರಿಗೆ ಬರೀ ಆರ್‌ಓ ನೀರು ಹಾಕು, ಉಪ್ಪು ಆರಲ್ಲ. ಟೆಂಪರೇಚರ್ ಏರಿಸಿ ರೋಗ ಓಡಿಸ್ತೀನಿ ಅನ್ನೋದು ಸಿಹಿನೀರಿನವರ ಪದ್ಧತಿ, ಇಲ್ಲಿ ಅದು ಪರಾವಲಂಬಿಗೇ ಅನುಕೂಲ.

ಸೂಕ್ಷ್ಮದರ್ಶಕ_ಮೇಡಂ

ನಾನು ಡಿಗ್ರಿ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡ್ತೀನಿ. ದುರ್ಗದ ಸರ್ ಲಕ್ಷಣ ನೋಡಿ ಹೇಳಿರೋದು ಸರಿ ಅನ್ಸುತ್ತೆ, ಆದ್ರೆ ಖಚಿತ ಮಾಡ್ಕೊಳ್ಳೋಕೆ ದಾರಿ ಇದೆ, ಊರಲ್ಲಿ ಯಾವುದಾದ್ರೂ ಕಾಲೇಜ್ ಲ್ಯಾಬಲ್ಲಿ ಸಾಮಾನ್ಯ ಮೈಕ್ರೋಸ್ಕೋಪ್ ಸಿಕ್ಕರೂ ಸಾಕು. ಮೀನು ಸತ್ತರೆ ಫ್ರಿಡ್ಜಲ್ಲಿ ಇಟ್ಟು ನಾಳೆ ನೋಡೋಣ ಅನ್ಬೇಡಿ, ಸತ್ತ ಮೇಲೆ ಇವು ಬೇಗ ಕಳಚಿಕೊಂಡು ಹೋಗ್ತಾವೆ. ಟ್ಯಾಂಕ್ ನೀರಲ್ಲೇ ಹಾಕ್ಕೊಂಡು ಸೀದಾ ತಗೊಂಡು ಬನ್ನಿ. ಕಿವಿರು ಮುಚ್ಚಳ ಕತ್ತರಿಸಿ, ಕೆಂಪು ಎಳೆಯ ತುದಿ ಒಂದಿಷ್ಟು ಸ್ಲೈಡ್ ಮೇಲೆ ಇಟ್ಟು, ಟ್ಯಾಂಕಿನ ಉಪ್ಪುನೀರೇ ಒಂದು ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚಿ, ನೂರು ಪಟ್ಟಲ್ಲಿ ನೋಡಿದ್ರೆ ಸಾಕು. ನಲ್ಲಿ ನೀರು ಹಾಕಬೇಡಿ, ಜೀವಕೋಶ ಒಡೆದು ಏನೂ ಕಾಣಲ್ಲ.

ಇಕ್ ಆದ್ರೆ ಮೈಯೆಲ್ಲಾ ರೋಮ ಇರೋ ದೊಡ್ಡ ಗುಂಡನೆ ಜೀವಿ ನಿಂತಲ್ಲೇ ನಿಧಾನ ಉರುಳ್ತಾ ಇರುತ್ತೆ. ಬ್ರೂಕ್ಲಿನೆಲ್ಲಾ ಮೂತ್ರಪಿಂಡದ ಆಕಾರದಲ್ಲಿ ಜಾರ್ಕೊಂಡು ಓಡಾಡುತ್ತೆ. ವೆಲ್ವೆಟ್ ಅಲ್ಲಾಡಲ್ಲ, ಕಂದು ಬಣ್ಣದ ಮೊಟ್ಟೆಯಾಕಾರದ ಮುದ್ದೆ, ಬೆಳಕು ದಾಟದಷ್ಟು ದಟ್ಟ, ಎಳೆಗೆ ಅಂಟ್ಕೊಂಡಿರುತ್ತೆ. ಒಂದು ಹನಿ ತೆಳು ಅಯೋಡಿನ್ ಹಾಕಿದ್ರೆ ಒಳಗೆ ಪಿಷ್ಟ ಇರೋದ್ರಿಂದ ಇನ್ನೂ ಕಪ್ಪಾಗುತ್ತೆ. ಅದು ಪಾಚಿಗಳಿಗೆ ಹತ್ತಿರದ ಗುಂಪಿನ ಜೀವಿ. ಮಂಗಳೂರಿನ ಮೀನುಗಾರಿಕೆ ಕಾಲೇಜಲ್ಲಿ ಇದನ್ನೆಲ್ಲಾ ಓದಿಸ್ತಾರೆ, ನಮ್ಮ ಕಡೆ ಮೀನಿನ ಡಾಕ್ಟ್ರು ಅಂತ ಬೋರ್ಡ್ ಹಾಕ್ಕೊಂಡವರು ಸಿಗಲ್ಲ, ಹಾಗಾಗಿ ಹತ್ತಿರದ ಲ್ಯಾಬ್ ಬಳಸ್ಕೊಳ್ಳಿ.

ಕ್ಲೋರೊಕ್ವಿನ್ ಮಾತ್ರೆ ಪುಡಿ ಮಾಡಿ ಹಾಕಿ ಅಂತ ಯಾರಾದ್ರೂ ಹೇಳಬಹುದು. ಕ್ಲೋರೊಕ್ವಿನ್ ಫಾಸ್ಫೇಟ್ ಶುದ್ಧ ಪುಡಿಯಾಗಿ ವೆಲ್ವೆಟ್‌ಗೆ ಬಳಸೋದು ನಿಜ, ಮೆಡಿಕಲ್ ಶಾಪ್ ಮಾತ್ರೆಯಲ್ಲಿ ಬೇರೆ ಪದಾರ್ಥ ಸೇರಿರುತ್ತೆ, ನೀರಲ್ಲಿ ಎಷ್ಟಿದೆ ಅಂತ ಮನೆಯಲ್ಲಿ ಅಳೆಯೋಕೆ ಕಿಟ್ಟೂ ಇಲ್ಲ. ತಾಮ್ರ ಅಳೆಯಬಹುದು, ಅದೇ ಅದರ ದೊಡ್ಡ ಗುಣ.

ಬೆಣ್ಣೆನಗರಿ_ರೀಫ್

ದೊಡ್ಡ ಕ್ಲೌನ್ ಬೆಳಗಿನ ಜಾವ ಹೋಯ್ತು. ಟಬ್ ರೆಡಿಯಾಗಿತ್ತು, ಸ್ನಾನ ಮಾಡಿಸಿ ಹಾಕಿದ್ವಿ, ಆದ್ರೆ ತಾಮ್ರದ ಬಾಟಲಿ ಕೊರಿಯರ್ ಬರೋ ಹೊತ್ತಿಗೆ ಉಳೀಲಿಲ್ಲ.

ಮೇಡಂ ಹೇಳ್ದಂಗೆ ಡಬ್ಬೀಲಿ ಟ್ಯಾಂಕ್ ನೀರಲ್ಲೇ ತಗೊಂಡು ಪರಿಚಯದ ಒಬ್ರು ಲ್ಯಾಬಿಗೆ ಹೋದ್ವಿ. ಸ್ಲೈಡ್ ನೋಡ್ತಿದ್ದಂಗೆ ಅವರೇ ನನ್ನ ಕರೆದು ಕಣ್ಣಿಡು ಅಂದ್ರು. ಕಿವಿರಿನ ಎಳೆ ಬಾಚಣಿಗೆಯ ಹಲ್ಲು ಹಲ್ಲಾಗಿ ಇರ್ತೈತಲ್ಲ, ಆ ಹಲ್ಲಿನ ಸಂದಿ ಸಂದಿಗೂ ಕಂದು ಮುದ್ದೆ, ಎಣಿಸೋಕಾಗದಷ್ಟು, ಒಂದೂ ಮಿಸುಕಾಡ್ತಿರಲಿಲ್ಲ. ಕೆಲವು ಎಳೆ ತುದಿ ಕರಗೇ ಹೋಗಿದ್ವು. ಅಯೋಡಿನ್ ಹಾಕಿದ್ರೆ ಕಪ್ಪಾದ್ವು. ಇಷ್ಟು ದಿನ ನೀರಿನ ಟೆಸ್ಟ್ ಮಾಡ್ತಾ ಕೂತಿದ್ವಿ, ಆ ಮೀನು ಯಾವ ಸ್ಥಿತೀಲಿ ಉಸಿರಾಡ್ತಿತ್ತು ಅಂತ ನೋಡಿ ಹೊಟ್ಟೆ ಉರೀತು.

ಹದಡಿ ರಸ್ತೆ ಅಣ್ಣ, ಕೊಳೆಸಿದ ಲೋಟದ ನೀರು ಕಡು ಹಸಿರು ಬಂತು, ಕಿಟ್ ಸರಿಯಾಗೇ ಐತೆ.

ಸಣ್ಣ ಕ್ಲೌನ್ ಟಬ್ಬಲ್ಲೈತೆ, ತಾಮ್ರ ಮೊದಲ ದಿನ 1.5ಕ್ಕೆ ತಂದು ಈಗ 2.3 ತೋರಿಸ್ತೈತೆ. ನಿನ್ನೆ ಸಂಜೆ ಆರ್ಟೀಮಿಯಾ (ಮೀನಿಗೆ ಹಾಕೋ ಪುಟ್ಟ ಸಿಗಡಿ) ನಾಲ್ಕು ಕಾಳು ತಿಂತು, ಇವತ್ತು ಬೆಳಿಗ್ಗೆ ಗಾಜಿನ ಹತ್ರ, ಅಲ್ಲಲ್ಲ ಟಬ್ಬಿನ ಅಂಚಿಗೆ, ಕೈ ಕಂಡು ಬಂತು. ಕಿವಿರು ಎಂಬತ್ತರ ಆಸುಪಾಸು. ಇನ್ನೆಷ್ಟು ದಿನ ಇಡಬೇಕು, ದೊಡ್ಡ ಟ್ಯಾಂಕಿಗೆ ಏನು ಮಾಡಬೇಕು, ಪೂರ್ತಿ ಬಿಚ್ಚಿ ತೊಳಿಬೇಕಾ? ಹೊಸ ಟ್ಯಾಂಗ್ ಯಾವಾಗ ತರಬಹುದು ಅಂತ ಮಗಳು ಕೇಳ್ತಿದಾಳೆ.

ದುರ್ಗದ_ಉಪ್ಪುನೀರು

ಊಟಕ್ಕೆ ಬಂತು ಅಂದ್ರೆ ಸಮಾಧಾನ ಆಯ್ತು ತಮ್ಮಾ. ಇಲ್ಲಿಗೆ ಗೆದ್ವಿ ಅಂತ ತಾಮ್ರ ಇಳಿಸಬೇಡ. ಒಂದು ತಿಂಗಳು ಪೂರ್ತಿ 2ರ ಕೆಳಗೆ ಇಳೀಬಾರದು, ಒಂದು ದಿನ ಇಳಿದ್ರೂ ಎಣಿಕೆ ಮೊದಲಿಂದ. ಟಬ್ಬಿನ ಗೋಡೆಗೆ ಒಂದು ಗೆರೆ ಎಳ್ಕೊ, ನೀರು ಆರಿದ್ರೆ ಗೆರೆ ತನಕ ಆರ್‌ಓ ನೀರು ಹಾಕಿ ಆಮೇಲೇ ತಾಮ್ರ ಅಳಿ, ಇಲ್ದಿದ್ರೆ ಅಂಕಿ ಸುಳ್ಳು ಹೇಳ್ತೈತೆ.

ದೊಡ್ಡ ಟ್ಯಾಂಕ್ ಬಿಚ್ಚಬೇಡ, ತೊಳಿಬೇಡ. ಅರ್ಧ ನೀರು ಬದಲಾಯಿಸಿಯೂ ಯಾಕೆ ಏನೂ ಆಗಲಿಲ್ಲ ಅಂದ್ರೆ, ಈ ಜೀವಿ ಮೀನಿನ ಮೈಯಿಂದ ಉದುರಿ ಕಲ್ಲು ಮರಳಿಗೆ ಅಂಟ್ಕೊಂಡು ಗೂಡು ಕಟ್ತೈತೆ, ಮೂರರಿಂದ ಐದು ದಿನದೊಳಗೆ ಒಂದೊಂದು ಗೂಡಿಂದ 256ರ ತನಕ ಮರಿ ಈಜ್ಕೊಂಡು ಹೊರಗೆ ಬರ್ತಾವೆ. ನೀರು ಎಷ್ಟು ಚೆಲ್ಲಿದ್ರೂ ಗೂಡು ಅಲ್ಲೇ. ಆದ್ರೆ ಆ ಮರಿಗೆ ಮೀನು ಬೇಕೇ ಬೇಕು, ಸಿಗಡಿ ಏಡಿ ಮೇಲೆ ಹತ್ತಲ್ಲ. ಟ್ಯಾಂಕಲ್ಲಿ ಒಂದೂ ಮೀನಿಲ್ದೆ ಬಿಟ್ರೆ ಹಸಿದು ಸಾಯ್ತಾವೆ. ವೆಲ್ವೆಟ್‌ಗೆ ಆರು ವಾರ ಸಾಕು. ನಾನಂತೂ 76 ದಿನ ಬಿಡು ಅಂತೀನಿ, ಯಾಕಂದ್ರೆ ಅಂಗಡಿ ಮೀನಿನ ಜೊತೆ ಇಕ್ ಕೂಡ ಬಂದಿರಬಹುದು, ಅದರ ಗೂಡು ಕೆಲವು ತಳಿಯಲ್ಲಿ 72 ದಿನ ಸುಮ್ನೆ ಕೂತಿದ್ದು ಆಮೇಲೆ ಒಡೆದಿದ್ದು ದಾಖಲಾಗೈತೆ. ಎರಡೂ ಒಂದೇ ಕಾಯುವಿಕೆಯಲ್ಲಿ ಮುಗೀಲಿ. ಅಲ್ಲಿ ತನಕ ಲೈಟು, ಪಂಪು, ಫ್ಯಾನ್ ಎಲ್ಲಾ ಮಾಮೂಲಿ ಓಡಲಿ, ಸಿಗಡಿ ಅನಿಮೋನ್‌ಗೆ ಒಂದೆರಡು ತುಂಡು ಊಟ ಹಾಕ್ತಾ ಇರು, ಬ್ಯಾಕ್ಟೀರಿಯಾಗೂ ಅದೇ ಆಹಾರ. ಟಬ್ಬಿನ ಬಲೆ, ಥರ್ಮಾಮೀಟರ್, ನಿನ್ನ ಕೈ, ಯಾವುದೂ ಒದ್ದೆಯಾಗಿ ದೊಡ್ಡ ಟ್ಯಾಂಕಿಗೆ ಹೋಗಬಾರದು, ಟಬ್ಬಿನ ಬಲೆಗೆ ಕೆಂಪು ದಾರ ಕಟ್ಟಿಡು, ಮನೆಯವರಿಗೂ ಗೊತ್ತಾಗ್ಲಿ.

ಟ್ಯಾಂಗ್ ವಿಷಯ ಮಗಳಿಗೆ ನಿಧಾನ ಹೇಳು. ಪೌಡರ್ ಬ್ಲೂ ಒಂದು ಗೇಣು ಮೀರಿ ಬೆಳೀತೈತೆ, ದಿನವಿಡೀ ಈಜೋ ಮೀನು, ಮೂರಡಿ ಟ್ಯಾಂಕಲ್ಲಿ ಅದಕ್ಕೆ ಜಾಗ ಸಾಲಲ್ಲ. ಇಕ್ಕಟ್ಟಾದ್ರೆ ಅದು ಸೊರಗ್ತೈತೆ, ಸೊರಗಿದ ಟ್ಯಾಂಗ್‌ಗೆ ಇಂಥ ರೋಗ ಮೊದಲು ಹತ್ತೋದು. ಒಂಟಿ ಕ್ಲೌನಿಗೆ ಜೊತೆ ತರೋದಾದ್ರೆ ಹ್ಯಾಚರಿ ಮರಿ ಕೇಳು. ಕೇರಳದ ವಿಳಿಂಜಂನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡೋ ವಿಧಾನ ಎಷ್ಟೋ ವರ್ಷದ ಹಿಂದೆನೇ ಸಾಧಿಸಿದಾರೆ, ನಮ್ಮ ದೇಶದಲ್ಲೇ ಮರಿ ಮಾಡಿದ್ದು ಸಿಗ್ತಾವೆ. ಅವು ಸಮುದ್ರ ಕಂಡಿರಲ್ಲ, ಪರಾವಲಂಬಿ ತರೋ ಸಂಭವ ಕಮ್ಮಿ, ಸಮುದ್ರದಿಂದ ಹಿಡಿದ ಮೀನಿನಷ್ಟು ಬಡವಾಗಿ ಬರಲ್ಲ. ಈಗ ಇರೋದು ಗಂಡು, ಸಣ್ಣದು. ಇದಕ್ಕಿಂತ ಚಿಕ್ಕದನ್ನೇ ತಾ, ದೊಡ್ಡದು ಹೋದ ಮೇಲೆ ಇದು ತಾನೇ ಹೆಣ್ಣಾಗ್ತೈತೆ, ಜಗಳ ಕಮ್ಮಿ.

ಯಾವ ಮೀನೇ ಬರಲಿ, ಹ್ಯಾಚರಿದೇ ಇರಲಿ, ಇದೇ ಟಬ್ಬಲ್ಲಿ ಒಂದು ತಿಂಗಳು. ಟಬ್ ಖಾಲಿಯಾದ ಮೇಲೆ ಬ್ಲೀಚಿಂಗ್ ಹಾಕಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ ಇಡು. ನಾಳೆ ತಾಮ್ರದ ರೀಡಿಂಗ್ ಜೊತೆ ಅಮೋನಿಯಾನೂ ಬರಿ, ಟಬ್ಬಲ್ಲಿ ಮೂರನೇ ನಾಲ್ಕನೇ ದಿನಕ್ಕೆ ಅದು ಏರೋ ಸಮಯ.

ಬೆಣ್ಣೆನಗರಿ_ರೀಫ್

ಸರಿ ಅಣ್ಣಾ. ಈಗಷ್ಟೇ ನೋಡ್ದೆ, ತಾಮ್ರ 2.3, ಅಮೋನಿಯಾ 0.25 ಅಂತ ಬಂತು. 15 ಲೀಟರ್ ಬದಲಾಯಿಸೋಕೆ ನೀರು ಕಲಸಿ ಇಟ್ಟಿದೀನಿ, ಅದಕ್ಕೆ ತಾಮ್ರ ಬಕೆಟಲ್ಲೇ ಮೊದಲು ಹಾಕಿ ಕರಗಿಸ್ಕೊಂಡು ಸುರೀಲಾ, ಅಥವಾ ನೀರು ಸುರಿದ ಮೇಲಾ?

ದುರ್ಗದ_ಉಪ್ಪುನೀರು

ಬಕೆಟಲ್ಲೇ. ಗಾಳಿ ಬಿಟ್ಟು ಅರ್ಧ ಗಂಟೆ ತಿರುಗಲಿ, ಬಕೆಟ್ ನೀರು ಅಳೆದು ನೋಡು, 2.3 ಬಂದ್ಮೇಲೆ ಸುರಿ.